ಇಳಿಜಾರು

ವಾಲ್ಪರೈಸೊದಲ್ಲಿ ಸಮತಟ್ಟು ಅಂದರೆ ಸಮುದ್ರ ಒಂದೇ.
ಮಿಕ್ಕದ್ದೆಲ್ಲ ಏರು, ಇಲ್ಲವೆ ಇಳಿಜಾರು.
ಎರ್ಮೆಲಿಂಡಾಳ ತಗಡಿನ ಮನೆಯ ನೆಲವೂ
ಕಡಲ ಕಡೆಗೆ ನಾಲ್ಕು ಬೆರಳು ವಾಲಿದೆ.
ಮದುವೆಯಾದ ವಾರವೇ ನೊಲ್ಬೆರ್ತೊ
ಮಂಚದ ಆಚೆಗಾಲುಗಳಿಗೆ ಹಲಗೆಚೂರು ಕೊಟ್ಟು,
ತುಂಬಿದ ಲೋಟ ಹಾಸಿಗೆಯ ಮೇಲಿಟ್ಟು,
"ನೋಡು, ತುಳುಕಲಿಲ್ಲ" ಅಂದಿದ್ದ.

ಇಪ್ಪತ್ತಾರು ವರ್ಷ ತುಳುಕಲಿಲ್ಲ.

ಹೋದ ಮಾರ್ಚಿನಲ್ಲಿ ಅವಳ ಜಠರದ ಮುಕ್ಕಾಲು ಪಾಲು ತೆಗೆದರು.
ಉಳಿದದ್ದು ಒಂದು ಬಾಳೆಕಾಯಿಯಷ್ಟು.
ಮೂವತ್ತೆಂಟು ಕಿಲೊ ಇಳಿದಳು.
ಗುಡ್ಡದ ಮೆಟ್ಟಿಲು ಹತ್ತುವಾಗ ಈಗ ಒಂದೇ ಕಡೆ ನಿಲ್ಲುತ್ತಾಳೆ,
ಅದೂ ಬೆಕ್ಕನ್ನು ಮಾತಾಡಿಸಲಿಕ್ಕೆ.
ಎಂಪನಾಡ ಕರಿಯುವ ಓರಗಿತ್ತಿಗೆ ಹೊಟ್ಟೆಯುರಿ;
ಇವಳಿಗೆ ಎದೆಯುರಿ.

ರಾತ್ರಿ ಏಳಕ್ಕೆ ನಾಲ್ಕು ಚಮಚ ಕುಂಬಳದ ಗಂಜಿ.
ಎರಡಕ್ಕೆ ಅದೇ ಗಂಜಿ ಗಂಟಲಿಗೆ ವಾಪಸು,
ಹುಳಿಯಾಗಿ, ಬಾಯಿಗೆ ತುಕ್ಕಿನ ರುಚಿ ಬಳಿದು.
ಎದ್ದು ಕೂತು ಕೆಮ್ಮುತ್ತಾಳೆ.
ಕಿಟಕಿಯಾಚೆ ಹಡಗಿನ ದೀಪ, ಅದೂ ನಿದ್ದೆಗೆಟ್ಟದ್ದು.

ವೈದ್ಯೆ ಕೇಳಿದಳು: ವಾರಕ್ಕೆ ಎಷ್ಟು ಸಲ?
ಎಣಿಸೋದು ಬಿಟ್ಟೆ ಅಂದಳು.
ಮಾತ್ರೆ ಬರೆದು, ತಲೆಯ ಕಡೆ ಎತ್ತರಿಸಿ ಮಲಗಿ,
ಆಗದಿದ್ದರೆ ಇನ್ನೊಮ್ಮೆ ಕತ್ತರಿ ಅಂದಳು ಅವಳು, ಮೆಲ್ಲಗೆ.
ಮಾಡಿಸಿಕೊಳ್ಳಬಾರದಿತ್ತಾ? ನೊಲ್ಬೆರ್ತೊ ಬಸ್ಸಿನಲ್ಲಿ ಕೇಳಿದ.
ಅವಳು ತನ್ನ ಮೊಣಕಾಲು ನೋಡಿಕೊಂಡಳು,
ನೋವಿಲ್ಲದ ಮೊಣಕಾಲು,
ಉತ್ತರ ಕೊಡಲಿಲ್ಲ.

ಅವತ್ತು ಸಂಜೆ ಅವನು ಮಂಡಿಯೂರಿ
ಆ ಹಲಗೆಚೂರುಗಳನ್ನು ಬಡಿದು ಬಡಿದು ಎಳೆದ.
ಅಷ್ಟು ಸಾಲದೆಂದು ತಲೆಯ ಕಡೆ ಎರಡೆರಡು ಇಟ್ಟಿಗೆ.
ಲೋಟ ಇಟ್ಟು ನೋಡಲಿಲ್ಲ ಯಾರೂ.

ಬೆಳಗಾಗುವಷ್ಟರಲ್ಲಿ ಅವನು ಜಾರಿ ಜಾರಿ
ಮಂಚದ ಅರ್ಧಕ್ಕೆ ಬಂದಿದ್ದ.
ಅವನ ಅಂಗಿಯ ತುದಿ
ನಿದ್ದೆಯಲ್ಲಿದ್ದವಳ ಮುಷ್ಟಿಯಲ್ಲಿ.