ಒಂದು ಪುಟ ಮುಂದೆ

ರಾಸ್ತಾ ಪೇಠೆಯ ನಮ್ಮ ರದ್ದಿ ಅಂಗಡಿಗೆ
ವಿದ್ಯೆ ಬರುವುದು ತೂಕದಲ್ಲಿ.
ಮರಾಠಿ ಪೇಪರಿಗೆ ಹದಿನಾಲ್ಕು, ಇಂಗ್ಲಿಷಿಗೆ ಹದಿನಾರು,
ಪುಸ್ತಕಕ್ಕೆ ಹತ್ತು,
ರಟ್ಟು ಹರಿದಿದ್ದರೆ ಎಂಟು.

ನಾಲ್ಕನೇ ಇಯತ್ತೆಯ ಎರಡನೇ ವಾರ
ನೀಲಾಂಬಿಕೆ ಬೂಟು ಬಿಚ್ಚಿ ತಕ್ಕಡಿಯಲ್ಲಿಟ್ಟಳು.
"ಅಪ್ಪಾ, ಅವರು ತಮಗ ಉತ್ತರ ಗೊತ್ತಿದ್ದದ್ದನ್ನಷ್ಟ ಕೇಳ್ತಾರ."
ಆರುನೂರ ಇಪ್ಪತ್ತು ಗ್ರಾಂ.
ಮತ್ತೆ ತೊಡಲಿಲ್ಲ.

ಅದೇ ಮಳೆಗಾಲ ಕ್ಯಾಂಪಿನಲ್ಲೊಂದು ಮನೆ ಖಾಲಿಯಾಯಿತು.
ಗೋವೆಯ ಟೀಚರಮ್ಮ ಫಿಲೊಮಿನಾ ಕುಟಿನ್ಹೊ ತೀರಿಕೊಂಡಿದ್ದರು;
ಸೋದರಳಿಯ ಫೋನಿನಲ್ಲೇ ದರ ಮುಗಿಸಿದ.
ಕೈಗಾಡಿಯಲ್ಲಿ ಮೂರು ಸಲ ಹೇರಿ ತಂದೆ.
ತಳದಲ್ಲೊಂದು ನೋಟುಬುಕ್ಕು,
ನೀಲಿ ಶಾಯಿ, ಅಂಚಿಗೆ ಮೇಣದ ಕಲೆ:
ಮಗುವಿಗೆ ಮನೆಯಲ್ಲೇ ಕಲಿಸುವ ಬಗೆ.
ಮಾತಿನ ವಿದ್ಯೆ ಮೂರು, ಎಣಿಕೆಯವು ನಾಲ್ಕು.
ನಮ್ಮಲ್ಲಿ ಅರವತ್ತನಾಲ್ಕು ಅಂತಾರೆ,
ಇಲ್ಲಿ ಏಳಕ್ಕೇ ಮುಗಿದಿತ್ತು.
ಏಳನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ
ಲೆಕ್ಕ ಒಪ್ಪಿಗೆಯಾಯಿತು.

ರಾತ್ರಿ ಶಟರ್ ಅರ್ಧ ಎಳೆದು ಓದುತ್ತೇನೆ,
ನಾಳೆಗೆ ಬೇಕಾದ ಒಂದೇ ಪುಟ.
ನಮ್ಮ ಡಿಕ್ಷನರಿಗೆ ಮೊದಲ ಹಾಳೆಗಳಿಲ್ಲ,
'ಸಿ'ಯಿಂದ ಶುರು;
ಅದಕ್ಕೂ ಹಿಂದಿನ ಲೋಕವನ್ನು
ಊಹಿಸಿಕೊಳ್ಳುತ್ತೇವೆ.

ಲ್ಯಾಟಿನ್ನಿನಲ್ಲಿ ಗುಲಾಬಿ ರೋಸಾ.
ರೋಸಾ, ರೋಸಾಮ್, ರೋಸೇ,
ಬಾಲ ಬದಲಾದರೆ ಹೂವಿನ ಪಾಡು ಬದಲು.
"ನಮ್ಮ ಉ, ಅನ್ನು, ಇಂದ, ಗೆ ಇದ್ದಂಗ," ಅಂದಳು
ಜಮಖಂಡಿಯ ಅಜ್ಜಿಯ ಬಾಯಲ್ಲಿ.
ಕಡೆಗೆ ಸಂಬೋಧನೆ. ಕರೆಯುವಾಗ ಮತ್ತೆ ರೋಸಾ.
"ಗುಲಾಬಿನ ಯಾರರ ಕರೀತಾರೇನಪ್ಪಾ?"
ಮೇಣದ ಕಲೆಯ ಕಡೆ ನೋಡಿದೆ.
ಕುಟಿನ್ಹೊ ಬಾಯಿ ಒಂಟಿ ಇದ್ದರು.
ಕರೆದಿರಬಹುದು.

ಪೇಪರಿನ ಕಟ್ಟಿಗೆ ಮೂಲೆಯಿಂದ ಮೂಲೆಗೆ ಸುತಲಿ ಎಷ್ಟು ಬೇಕೆಂದು
ಕಟ್ಟುವ ಮೊದಲೇ ಹೇಳುತ್ತಾಳೆ ಈಗ.
ಇಪ್ಪತ್ತು ವರ್ಷ ನಾನು ಹೆಚ್ಚೇ ಕತ್ತರಿಸುತ್ತಿದ್ದೆ.
ಗುಜರಿಯಲ್ಲಿ ಬಂದ ಸಿತಾರಿನ ತಂತಿ ಹಲಗೆಗೆ ಬಿಗಿದು
ನಟ್ಟನಡುವೆ ಬೆರಳಿಟ್ಟಳು: ಅದೇ ಸ್ವರ, ಒಂದು ಮಜಲೆ ಮೇಲೆ.
ಮೂರರಲ್ಲಿ ಎರಡು ಪಾಲು ಉಳಿಸಿದರೆ ಪಂಚಮ.
ಮಹಡಿಯ ತಬಲಾ ಮಾಸ್ತರರು ಇಳಿದು ಬಂದು
ಯಾರು ಹೇಳಿಕೊಟ್ಟರು ಅಂದರು.
"ಫೂಟುಪಟ್ಟಿ."

ಆಕಾಶವೊಂದು ರದ್ದಿಗೆ ಬರುವುದಿಲ್ಲ.
ತಾರಸಿ ಹತ್ತಿದೆವು. ಆಸ್ಪತ್ರೆಯ ದೀಪಗಳ ಮೇಲೆ
ಗುರು ಗ್ರಹವಷ್ಟೇ ಕಂಡಿತು.
ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು ಬಂದೆವು.
ಮುಂದಿನ ವಾರ ಮೋಡ.
ಅದರ ಮುಂದಿನ ವಾರವೂ.

ರೊಟ್ಟಿ ಬಡಿಯುತ್ತಾ ಸುವರ್ಣಾ ಕೇಳಿದಳು,
"ಕಾಗದ ಇಲ್ಲದಾಕಿನ್ನ ನಾಳೆ ಯಾರು ಕೇಳ್ತಾರ?"
"ಕಾಗದ ಇದ್ದವರ ಕಾಗದ ಎಲ್ಲಾ
ನಮ್ಮ ಅಂಗಡಿಗೇ ಬರ್ತಾವಲ್ಲವ್ವಾ."
ಸುಳ್ಳಲ್ಲ. ಬಂಗಾರದಂಚಿನ ಪದವಿಗಳು ಬರುತ್ತವೆ.
ಲ್ಯಾಮಿನೇಟ್ ಆದದ್ದಕ್ಕೆ ದರವಿಲ್ಲ,
ಪ್ಲಾಸ್ಟಿಕ್ ಸುಲಿಯುವ ಕೂಲಿಯೇ ಹೆಚ್ಚು.
ತರ್ಕದಲ್ಲಿ ಮಗಳು ಗೆದ್ದಳು.
ಮರುದಿನ ಸುವರ್ಣಾ ಖಾಸಗಿ ಪರೀಕ್ಷೆಯ ಅರ್ಜಿ ತಂದು
ಎದುರಿಗೆ ಕೂತು ಸಹಿ ಹಾಕಿಸಿದಳು.
ಅದು ಯಾವ ವಿದ್ಯೆಯೋ,
ನೋಟುಬುಕ್ಕಿನ ಏಳರಲ್ಲಿಲ್ಲ.

ನಿನ್ನೆ ರಾತ್ರಿ ತೆರೆದಾಗ
ನಾನಿಟ್ಟ ಬಸ್ ಟಿಕೆಟ್ಟು ಇದ್ದಲ್ಲೇ ಇತ್ತು.
ಹನ್ನೊಂದು ಪುಟ ಆಚೆ
ಪೆನ್ಸಿಲ್ಲಿನ ಸಿಪ್ಪೆ,
ಸುರುಳಿ, ಇನ್ನೂ ಮರದ ವಾಸನೆ.
ಮುಚ್ಚಿ ಇಟ್ಟೆ. ಬಹಳ ಹೊತ್ತು ನಿದ್ದೆ ಬರಲಿಲ್ಲ,
ಸಂಕಟಕ್ಕೋ ಏನೋ, ಹೇಳಲಾರೆ.

ಬೆಳಿಗ್ಗೆ ಕೇಳಿದೆ:
ಹೆಸರಿಸಿದರೂ ರೋಸಾ, ಕರೆದರೂ ರೋಸಾ.
ಕರೆದದ್ದು ತನ್ನನ್ನೇ ಅಂತ
ಹೂವಿಗೆ ಗೊತ್ತಾಗುವುದು ಹೇಗೆ?

ನನ್ನ ಮುಖ ನೋಡಿದಳು.
ನನಗೆ ಉತ್ತರ ಗೊತ್ತಿಲ್ಲ ಅನ್ನುವುದು
ಅವಳಿಗೆ ಗೊತ್ತಾಯಿತು.
ಅಷ್ಟರಲ್ಲಿ ಫಾಟಕ್ ಕಾಕು ಪೇಪರು ತಂದರು.
ನಾಲ್ಕು ಕಿಲೋ ಇನ್ನೂರು ತೂಗಿ, ಚಿಲ್ಲರೆ ಎಣಿಸಿ ಕೊಟ್ಟು
ಕಲ್ಲು ಒಂದೊಂದಾಗಿ ಇಳಿಸಿದಳು.
"ತಡಿಯಪ್ಪಾ," ಅಂದಳು,
"ಇನ್ನೂ ನೋಡಾಕತ್ತೀನಿ."