ದಿನಕ್ಕೊಂದು ಗಸಗಸಿ

ಸಂಕ್ರಾಂತಿ ಮರುದಿನ ಕಿಟಕಿಯ ಕಾಜು
ಮಣಿಕಟ್ಟಿನ ಮ್ಯಾಲ ಇಳೀತು.
ಸೋಲಾಪುರದ ದೊಡ್ಡ ದವಾಖಾನ್ಯಾಗ
ಕೂದಲಕಿಂತ ಸಣ್ಣ ದಾರದಲೆ ನರ ಹೊಲದರು.
ಗಾಯ ಮಾಯ್ತು. ಬೆರಳು ಮರಳಲಿಲ್ಲ.
ಹೆಬ್ಬೆರಳು, ತೋರುಬೆರಳು, ನಡುವಿನದು,
ನನ್ನ ಕೈಯಾಗೇ ಇದ್ದೂ
ಯಾರೋ ಬಸ್ಸಿನಾಗ ಬಿಟ್ಟುಹೋದ ಚೀಲದಂಗ.

ಬೀಡಿ ಕಟ್ಟೋಳಿಗೆ ಕಣ್ಣು ಯಾಕ ಬೇಕು?
ಎಲಿಯೊಳಗ ತಂಬಾಕು ಹೆಚ್ಚೋ ಕಡಿಮೀನೋ
ಬೆರಳತುದಿ ತೂಗ್ತಿತ್ತು,
ಬಾಯಿ ನರಸವ್ವನ ಜೋಡಿ ಹರಟಿ ಹೊಡೀತಿತ್ತು.
ಈಗ ಬಾಯಿ ಮುಚ್ಚಿ, ನೋಡಿ ನೋಡಿ ಸುತ್ತಿದರೂ
ಸಾವಿರಕ್ಕ ಮುನ್ನೂರು ಛಾಟು.
ಮುನೀಮ ಮುಖ ಎತ್ತದೆ ಬದಿಗೆ ಸರಸ್ತಾನ.

ವಾರಕ್ಕೊಮ್ಮೆ ಮೃಣಾಲತಾಈ
ಮಣಿಕಟ್ಟಿನಿಂದ ಟಕ್ ಟಕ್ ಬಡಕೋತ ಬರ್ತಾಳ.
ಎಲ್ಲಿ ಜುಮ್ ಅಂತದೋ ಅಲ್ಲಿ ನೀಲಿ ಪೆನ್ನಿನ ಚುಕ್ಕಿ.
ಇಲ್ಲೀತನಕ ಬಂದದ, ಅಂತಾಳ ಮರಾಠಿಯೊಳಗ.
ದಿನಕ್ಕ ಎಷ್ಟು ನಡೀತದ?
ಒಂದು ಗಸಗಸಿ ಕಾಳಿನಷ್ಟು.
ಬೆರಳತುದಿಗೆ ಎಷ್ಟು ಕಾಳು?
ನೂರಾ ಎಪ್ಪತ್ತು. ತಿನ್ನೋದಾದರ ಒಂದು ಚಿಟಿಗಿ.

ಆಕೀನೇ ಹೇಳಿದ್ದು:
ಹಳೇ ಎಳಿ ಸತ್ತು ಕೊಳವಿ ಖಾಲಿ ಉಳದದ.
ಅದರ ಗೋಡಿಗುಂಟ ಕುಂತ ಸಣ್ಣ ಜೀವಗಳು
ವಾಸನಿ ಬಿಡ್ತಾವ, ಇತ್ತ ಬಾ, ಇತ್ತ ಬಾ.
ಹೊಸ ಎಳಿಯ ತುದಿ ಒಂದು ಕುರುಡು ಅಂಗೈ.
ಅದಕ್ಕೂ ಬೆರಳು.
ಎಡಕ್ಕೊಂದು ಚಾಚಿ, ಬಲಕ್ಕೊಂದು ಚಾಚಿ,
ಎಡಕ ನೂರು ಕಣ ಹತ್ತಿ
ಬಲಕ ನೂರಾ ಎರಡು ಹತ್ತಿದರ
ಬಲಕ ಹೊಳ್ಳತದ.
ಎರಡೇ ಕಣ!
ನಮ್ಮ ಮುನೀಮನೂ ಅಷ್ಟು ಲೆಕ್ಕದಾಂವ ಅಲ್ಲ.

ವಾಸನಿ ಭಾಳಾದರ? ಕೇಳಿದೆ.
ಆವಾಗ ದಿಕ್ಕು ತಪ್ತದ, ಅಂದಳು.

ಅದು ನನಗ ಗೊತ್ತಿತ್ತು.
ಏಳು ವರ್ಷದಾಕಿ ಇದ್ದಾಗ, ಪ್ಯಾಟಿಯೊಳಗ ಅಪ್ಪನ ಕೈ ತಪ್ಪಿ
ಅವ್ವನ ಕಾರಖಾನಿ ಹುಡುಕಿದ್ದು ಮೂಗಿನಲೆ.
ಮೂಲಿ ಮೂಲಿಗೆ ನಿಂತು
ಅತ್ತ ಒಮ್ಮೆ ಮೂಸಿ, ಇತ್ತ ಒಮ್ಮೆ ಮೂಸಿ,
ಘಾಟು ಒಂದು ಕೂದಲೆಳಿ ಹೆಚ್ಚಿದ್ದ ಗಲ್ಲಿ ಹಿಡದೆ.
ಗಟಾರದ ನಾತ ಬಂದಲ್ಲಿ ಹಿಂದ ಸರದೆ.
ನಡಕೋತ ನಡಕೋತ ಮೂಗು ಮಂಕಾದರ
ಒಂದು ಸೀನು ಸೀನಿ ಮತ್ತ ಮೊದಲಿಂದ.

ಬಾಗಲ ದಾಟಿದ್ದೇ ತಡ, ಮೂಗು ಸತ್ತಿತು.
ಮುನ್ನೂರು ಹೆಂಗಸರು, ಮುನ್ನೂರು ಮೊರ,
ನೆಲಕ್ಕೂ ಗ್ವಾಡಿಗೂ ಗಾಳಿಗೂ ಒಂದೇ ಘಾಟು.
ಎಲ್ಲಾ ಕಡೆ ಅವ್ವ, ಎಲ್ಲೂ ಅವ್ವ ಇಲ್ಲ.
ಯಾವ ಕಡೆ ಮುಖ ಮಾಡಿ ಅಳಬೇಕು?
ಅಷ್ಟರಾಗ ತೆಲುಗಿನ ಗದ್ದಲದ ನಡುವ
ಯಾರೋ ಕನ್ನಡದಾಗ ಕೆಮ್ಮಿದರು.
ನಗಬ್ಯಾಡ್ರಿ, ಕೆಮ್ಮಿಗೂ ಭಾಷಾ ಇರ್ತದ,
ಅದು ಕಡೀಕ ಯಾರನ್ನ ಕರೀತದ ಅನ್ನೋದರಾಗ.
'ಯಪ್ಪಾ ಶಿವನೇ' ಅಂತ ಮುಗದ ಆ ಕೆಮ್ಮಿನ ಬೆನ್ನತ್ತಿ
ನಾಕೇ ಹೆಜ್ಜಿ.
ಸೆರಗು ಕೈಗೆ ಹತ್ತಿತು.

ಶ್ರಾವಣ ಬಂತು. ನೀಲಿ ಚುಕ್ಕಿ
ಅಂಗೈ ದಾಟಿ ಬೆರಳ ಮ್ಯಾಲ ಇರುವಿ ಸಾಲಾಗ್ಯಾವ.
ಮೃಣಾಲತಾಈ ಕಣ್ಣು ಮುಚ್ಚಿಸಿ
ತೋರುಬೆರಳು ಮುಟ್ಟಿದಳು.
ನನಗ ಜುಮ್ ಅಂದದ್ದು ನಡುವಿನ ಬೆರಳು.
ಕೆಲವು ಎಳಿ ಮಗ್ಗುಲ ಮನಿಗೆ ಹೋಗ್ಯಾವ,
ಅಂದು ಆಕಿ ಸಪ್ಪಗಾದಳು, ತಪ್ಪು ತನ್ನದೇ ಅನ್ನೂಹಂಗ.

ನಾ ನಕ್ಕುಬಿಟ್ಟೆ.
ತಾಈ, ಆರು ತಿಂಗಳಿಂದ
ನನ್ನ ನಾಲಿಗಿ ನಿನಗ ತಾಯಿ ಅಂತ ಕರೀತದ.
ನಿನ್ನ ಕಿವಿಗೆ ಅದು ಅಕ್ಕ ಅಂತ ಹೋಗಿ ಮುಟ್ಟತದ.
ನೀ ಓ ಅನ್ನೋದೇನು ಬಿಟ್ಟೀ?

ಈಗ ಎಲಿ ಹಿಡದೀನಿ.
ತೋರುಬೆರಳಿನ ಸುದ್ದಿ ನಡುಬೆರಳು ತರ್ತದ,
ನಾ ಅದನ್ನ ತಿರುವಿ ಕೇಳಕೋತೀನಿ
ನರಸವ್ವನ ತೆಲುಗು ಕೇಳಿದಂಗ,
ಒಂದು ಉಸಿರು ತಡಾ ಆಗ್ತದ, ಅಷ್ಟೇ.
ಇವತ್ತು ಸಾವಿರಕ್ಕ ನೂರಾ ಇಪ್ಪತ್ತು ಛಾಟು.
ಮುನೀಮ ಮತ್ತೊಮ್ಮೆ ಎಣಿಸಿದ.