ಆರ್‌ಸಿ ಒಳಗಿದೆ

ರಾತ್ರಿ ಪಾಳಿ ಮುಗಿಸಿ ಬಂದರೆ
ಜಿಲ್ಲಾ ಆಸ್ಪತ್ರೆಯ ಬೇವಿನ ಮರದಡಿ
ನನ್ನ ಕಾರು ನನ್ನನ್ನು ಗುರುತಿಸಲಿಲ್ಲ.

ರಿಮೋಟು ಒತ್ತಿದೆ. ಬಿಳಿ ಕೋಟಿಗೆ ಒರೆಸಿ ಒತ್ತಿದೆ.
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ, ತೆಂಗಿನಕಾಯಿಯ ಹಾಗೆ.
ಅದರ ಹೊಟ್ಟೆಯಿಂದ ಚೋಟುದ್ದದ ಕೀಲಿ ಎಳೆದು
ತೂತಿಗಿಟ್ಟು ತಿರುಗಿಸಿದರೆ, ತಿರುಗಿತು,
ತಿರುಗುತ್ತಲೇ ಇತ್ತು,
ಏನನ್ನೂ ಹಿಡಿಯದೆ.

ಗಾಜಿಗೆ ಹಣೆ ಹಚ್ಚಿ ನೋಡಿದೆ:
ಸೀಟಿನ ಮೇಲೆ ಮನೆಯ ಬೀಗದ ಕೈ,
ನಿನ್ನೆ ಸಂಜೆಯ ಮಂಡಕ್ಕಿ ಪೊಟ್ಟಣ,
ಚಾವಣಿಯ ಪುಟ್ಟ ದೀಪದ ಗುಂಡಿ ಇನ್ನೂ ಆನ್ ಕಡೆಗೇ ವಾಲಿದೆ.
ಇಡೀ ರಾತ್ರಿ ಯಾರಿಗೂ ಬೇಡದ ಬೆಳಕು ಕೊಟ್ಟು
ಬ್ಯಾಟರಿ ತೀರಿಕೊಂಡಿದೆ.
ಒಳಗೆ ನಾಲ್ಕು ಹಾಸಿಗೆಗಳನ್ನು ಬೆಳಗು ಮುಟ್ಟಿಸಿದವಳು
ಹೊರಗಿನ ಇದೊಂದನ್ನು ಉಳಿಸಿಕೊಳ್ಳಲಿಲ್ಲ.

ವಾಚ್‌ಮನ್ ತಿಪ್ಪೇಶಿ ಬಂದ, ಸ್ಕೇಲು ತುರುಕಿದ, ಸ್ಕೇಲು ಮುರಿಯಿತು.
"ಕಲ್ಲು ತರ್ಲೇನ್ ಸಿಸ್ಟರ್?" ಅಂದ, ಬಹಳ ಆಸೆಯಿಂದ.
ಬೇಡ ಅಂದೆ.
ಹಳೇ ಬಸ್‌ಸ್ಟ್ಯಾಂಡಿನ ಪಕ್ಕ ಕೊಡೆ ನೆಟ್ಟು ಕೂರುವ
ದಾದಾಪೀರನಿಗೆ ಫೋನು ಹೋಯಿತು.

ಬಂದವನು ಬಾಗಿಲು ನೋಡಲಿಲ್ಲ, ನನ್ನ ಮುಖ ನೋಡಿದ.
"ಗಾಡಿ ನಿಮ್ದ ಅನ್ನಾಕ ಏನೈತ್ರಿ?"
ಆರ್‌ಸಿ ಒಳಗಿದೆ.
"ಲೈಸೆನ್ಸು?"
ಒಳಗೆ.
"ಹಂಗಾರ ಹೊರಗ ನೀವೊಬ್ರ ಉಳದೀರಿ."
ನಕ್ಕ. ನನಗೆ ನಗು ಬರಲಿಲ್ಲ.
ದಾವಣಗೆರೆಯ ಬಿಸಿಲು ಎಂಟಕ್ಕೇ ಕತ್ತಿನ ಮೇಲೆ ಕೂತಿತ್ತು.

"ಹೊರಗಿಂದ ಕಾಣ್ದಂಥದ್ದು ಒಳಗೇನೈತಿ, ಹೇಳ್ರಿ."

ಹೇಳಿದೆ. ಸೀಟಿನಡಿ ಒಂದೇ ಒಂದು ಓಲೆ,
ಅದರ ಜೊತೆಯದು ಕುಂದವಾಡ ಕೆರೆಯಲ್ಲಿದೆ, ಸಿಟ್ಟಿನಲ್ಲಿ ನಾನೇ ಎಸೆದದ್ದು.
ಬಾಗಿಲ ಜೇಬಿನಲ್ಲಿ ಹರಪನಹಳ್ಳಿಗೆ ಹೋದ ದಿನದ ಪೆಟ್ರೋಲ್ ಚೀಟಿ,
ಒಣಗಿದ ಕನಕಾಂಬರ, ಕುತ್ತಿಗೆ ನೋವಿನ ಮುಲಾಮು.
ಡ್ಯಾಶ್‌ಬೋರ್ಡಿನೊಳಗೆ,
ಅಂದು ನಿಲ್ಲಿಸಿದೆ.
ಆರ್‌ಸಿ, ಅಂದೆ. ಅಷ್ಟೇ.

ಬಾಗಿಲ ಮೂಲೆಗೆ ಮರದ ಚಕ್ಕೆ ಬಡಿದ. ಸಂದಿ ಸಾಲಲಿಲ್ಲ.
ಅವನ ಗಾಳಿಚೀಲ ಮೊನ್ನೆಯೇ ಹರಿದಿತ್ತಂತೆ.
ನನ್ನ ಬ್ಯಾಗಿನಲ್ಲಿ ಬಿಪಿ ಪಟ್ಟಿ ಇತ್ತು,
ಇಪ್ಪತ್ತೆರಡು ವರ್ಷ ತೋಳು ಸುತ್ತಿದ ಕೈಗೆ ಇನ್ನೇನಿರುತ್ತದೆ,
ಹಮಾಲರ ತೋಳು, ಬಸುರಿಯರ ತೋಳು,
ಸುತ್ತಿರುವಾಗಲೇ ತಣ್ಣಗಾದ ತೋಳು.
ಮಡಚಿ ಸಂದಿಗೆ ತೂರಿಸಿ, ಬಲೂನು ನನಗೇ ಕೊಟ್ಟ:
"ನಿಮ್ಗ ರೂಢಿ ಐತಲ್ರಿ, ಒತ್ರಿ."

ಒತ್ತಿದೆ. ಎಂಬತ್ತು. ನೂರು.
ನೂರ ನಲವತ್ತಕ್ಕೆ ತಗಡು ಸಣ್ಣಗೆ ನರಳಿತು.
"ಆಯ್ತು, ಆಯ್ತು, ಇನ್ನೊಂಚೂರು" ಅಂದುಬಿಟ್ಟೆ ಕಾರಿಗೆ.
ಮಂಡಕ್ಕಿ ಕಾಳು ತೂರುವಷ್ಟು ಬಾಯಿ ಬಿಟ್ಟಿತು.
ಅಲ್ಲಿಂದ ಅವನ ತಂತಿ ಇಳಿಯಿತು, ತಡಕಾಡಿತು,
ಒಳಗಿನ ಹಿಡಿಕೆಗೆ ಕೊಕ್ಕೆ ಹಾಕಿ
ಎಳೆಯಿತು.

ಟಕ್.

ಸೈರನ್ನು ಕೂಗಲಿಲ್ಲ.
ಕಳ್ಳಿ ಎನ್ನುವುದಕ್ಕೂ ಅದರಲ್ಲಿ ಜೀವವಿರಲಿಲ್ಲ.

ದಾದಾಪೀರ ಬಗ್ಗಿ ಮೊದಲು ಓಲೆ ಹುಡುಕಿದ. ಸಿಕ್ಕಿತು.
ಆಮೇಲೆ ಡ್ಯಾಶ್‌ಬೋರ್ಡು ತೆಗೆದ.
ಆರ್‌ಸಿಯ ಮೇಲೆ ಮಡಿಕೆ ಕಪ್ಪಾದ ಹಾಳೆ:
ಮಾನ್ಯ ಅಧೀಕ್ಷಕರಿಗೆ, ಸ್ವಯಂ ನಿವೃತ್ತಿ ಕೋರಿ,
ದಿನಾಂಕದ ಜಾಗ ಖಾಲಿ.
ಓದಿದನೋ ಇಲ್ಲವೋ. ಎರಡು ಬೆರಳಲ್ಲಿ ಎತ್ತಿ,
ಆರ್‌ಸಿ ನೋಡಿ, ಇದ್ದ ಹಾಗೇ ಮೇಲಿಟ್ಟು ಮುಚ್ಚಿದ.
"ನಿಮ್ದ ಐತ್ರಿ ಗಾಡಿ."

ನಾನೂರು ರೂಪಾಯಿ.
"ಪಟ್ಟಿ ಹೆಂಗೂ ಹೊರಗ ಐತಿ, ನಂದೂ ಒಮ್ಮೆ ನೋಡಿಬಿಡ್ರಿ"
ಎಂದು ಬಾನೆಟ್ಟಿಗೆ ಒರಗಿ ತೋಳು ಚಾಚಿದ.
ನೂರ ಎಪ್ಪತ್ತು, ನೂರ ಐದು.
ಹೇಳಿದೆ. "ಹೌದಾ" ಅಂದ,
ಬೇರೆ ಯಾರದೋ ಗಾಡಿಯ ನಂಬರು ಕೇಳಿದವನಂತೆ.
ನೂರು ವಾಪಸ್ಸು ಕೊಟ್ಟು, ತಂತಿ ಸುತ್ತಿಕೊಂಡು ಹೋದ.

ಬಾಗಿಲು ತೆರೆದಿದೆ. ಗಾಡಿ ಮಾತ್ರ ಚಾಲೂ ಆಗದು,
ಬ್ಯಾಟರಿ ಹುಡುಗ ಹತ್ತಕ್ಕೆ ಬರ್ತಾನಂತೆ.
ಒಂದು ಕಾಲು ಹೊರಗಿಟ್ಟು ಕೂತಿದ್ದೇನೆ,
ಮೆತ್ತಗಾದ ಮಂಡಕ್ಕಿ ಮುಕ್ಕುತ್ತ.
ಪಟ್ಟಿಯ ಅಂಚಿಗೆ ಗ್ರೀಸು ಮೆತ್ತಿದೆ,
ಇವತ್ತು ರಾತ್ರಿ ಮೊದಲ ತೋಳು ಯಾರದೋ.
ಅಷ್ಟು ದೂರದಲ್ಲಿ ತಿಪ್ಪೇಶಿ
ಕಲ್ಲು ಹಿಡಿದೇ ನಿಂತಿದ್ದಾನೆ, ಇನ್ನೂ.